ಆರು ಗಂಟೆಗೆ ಶುರುವಾಗುವ ದಿನ

"ದಿನಾ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನೀವು ಏನು ಮಾಡ್ತೀರಿ ಮೇಡಂ?"

ಪಂಪ್‌ಹೌಸಿನ ಬಾಗಿಲಲ್ಲಿ ನಿಂತ ಅಪರಿಚಿತ ಆಡಿದ ಮೊದಲ ಮಾತೇ ಇದು! ನಮಸ್ಕಾರವಿಲ್ಲ, ಪರಿಚಯವಿಲ್ಲ, ಯಾರು ಎಲ್ಲಿಂದ ಎಂಬ ಸುದ್ದಿಯೇ ಇಲ್ಲ.

ಅವಳ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಅವನ ಪುಣ್ಯ, ಅದು ಕೈಯಲ್ಲೇ ಉಳಿಯಿತು.

"ಏನಂದ್ರಿ?"

"ಅಯ್ಯೋ, ತಪ್ಪು ತಿಳ್ಕೋಬೇಡಿ..." ಅವನ ಕಿವಿಯೆಲ್ಲ ಕೆಂಪಾಯಿತು. "ನಾನು ಕರೆಂಟ್ ಆಫೀಸಿನವನು. ಯಾವ ಹೊತ್ತಿಗೆ ಊರಿಗೆ ಎಷ್ಟು ಕರೆಂಟ್ ಬೇಕು ಅಂತ ಲೆಕ್ಕ ಹಾಕೋದು ನನ್ನ ಕೆಲಸ. ನಮ್ಮ ಪರದೆ ಮೇಲೆ ರಾತ್ರಿ ಹತ್ತಕ್ಕೆ ಸರಿಯಾಗಿ ಒಂದು ಗೆರೆ ಎದ್ದು ನಿಲ್ಲುತ್ತೆ. ಬೆಳಿಗ್ಗೆ ಆರಕ್ಕೆ ಮಲಗಿಬಿಡುತ್ತೆ. ಇದ್ಯಾರಪ್ಪಾ ಅಂತ ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ಇವತ್ತು ತಂತಿ ಹಿಡ್ಕೊಂಡು ಕಂಬ ಕಂಬ ನೋಡ್ತಾ ಬಂದೆ... ಇಲ್ಲಿಗೆ ಬಂದು ನಿಂತೆ."

"ನೀರು ಹತ್ತಿಸ್ತೀವಿ ಸ್ವಾಮಿ! ಗುಡ್ಡದ ಮೇಲಿನ ಟ್ಯಾಂಕಿಗೆ. ನೀವು ಬೆಳಿಗ್ಗೆ ಎದ್ದು ಮುಖ ತೊಳೀತೀರಲ್ಲ, ಆ ನೀರು!"

"ಸರಿ. ಆದ್ರೆ ರಾತ್ರಿನೇ ಯಾಕೆ?"

ಅವಳು ಸ್ಪ್ಯಾನರ್ ಕೆಳಗಿಟ್ಟಳು.

ಹೌದಲ್ಲ... ರಾತ್ರಿಯೇ ಯಾಕೆ?

ಅವಳು ನೀರಿನ ಕಚೇರಿಯ ಎಂಜಿನಿಯರ್. ಇದೇ ಪಂಪ್‌ಹೌಸಿನಲ್ಲಿ ಅವಳ ಅಪ್ಪ ಮೂವತ್ತು ವರ್ಷ ಪಂಪ್ ಡ್ರೈವರ್ ಆಗಿದ್ದವರು. ಮೋಟಾರಿನ ಸದ್ದು ಕೇಳಿಕೊಂಡೇ ಬೆಳೆದವಳು. ಆದರೂ ಈ ಪ್ರಶ್ನೆ ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಅದೇ ಅವಳಿಗೆ ಸಿಟ್ಟು ತರಿಸಿತು.

"ನಾಳೆ ಹೇಳ್ತೀನಿ," ಎಂದಳು ಬಿಗಿಯಾಗಿ.

ಮನೆಗೆ ಹೋದವಳೇ ಚಪ್ಪಲಿ ಕಳಚುವ ಮೊದಲೇ ಅಪ್ಪನನ್ನು ಕೇಳಿದಳು.

"ಆಗ ಹಗಲು ಹೊತ್ತು ಮಿಲ್ಲುಗಳು ಓಡ್ತಿದ್ವಲ್ಲಮ್ಮ," ಅಪ್ಪ ಕನ್ನಡಕ ಒರೆಸುತ್ತ ಹೇಳಿದರು. "ವೋಲ್ಟೇಜೇ ಇರ್ತಿರಲಿಲ್ಲ, ಮೋಟಾರು ಮುಲುಕ್ತಿತ್ತು. ಅದಕ್ಕೇ ರಾತ್ರಿಗೆ ಹಾಕ್ಕೊಂಡ್ವಿ."

"ಮಿಲ್ಲು ಮುಚ್ಚಿ ಇಪ್ಪತ್ತು ವರ್ಷ ಆಯ್ತಲ್ಲಪ್ಪ!"

"ಮುಚ್ಚಿದ್ದು ನಮಗೆ ಯಾರೂ ಹೇಳಲಿಲ್ಲ ನೋಡು," ಎಂದು ನಕ್ಕರು ಅಪ್ಪ.

ಮರುದಿನ ಈ ಉತ್ತರ ಕೇಳಿ ಅವನ ಕಣ್ಣು ಅರಳಿದವು. ಪಂಪ್‌ಹೌಸಿನ ಮೆಟ್ಟಿಲ ಮೇಲೆಯೇ ಕುಳಿತು ವಿವರಿಸಿದ. ರಾತ್ರಿ ಇವರಿಗೆ ಬರುವ ಕರೆಂಟ್ ಕಲ್ಲಿದ್ದಲು ಸುಟ್ಟು ಮಾಡಿದ್ದು. ಈ ಪಂಪುಗಳಿಗಾಗಿಯೇ ಒಂದು ರಾತ್ರಿಗೆ ಅರ್ಧ ಲಾರಿಗೂ ಹೆಚ್ಚು ಕಲ್ಲಿದ್ದಲು ಹೊಗೆಯಾಗಿ ಮೇಲೆ ಹೋಗುತ್ತದೆ. ಆದರೆ ಹಗಲಲ್ಲಿ? ಊರಾಚೆಯ ಸೋಲಾರ್ ಫಲಕಗಳು ಬೇಕಾದ್ದಕ್ಕಿಂತ ಹೆಚ್ಚು ಕರೆಂಟ್ ಕೊಡುತ್ತವೆ. ಕೊಳ್ಳುವವರಿಲ್ಲ!

"ದಿನಾ ಮಧ್ಯಾಹ್ನ ನಾನೇ ಫೋನ್ ಮಾಡಿ ಫಲಕಗಳನ್ನ ಆಫ್ ಮಾಡಿ ಅಂತೀನಿ. ಬಿಸಿಲನ್ನ ಬೇಡ ಅನ್ನೋದು... ಹೊಟ್ಟೆ ಉರಿಯುತ್ತೆ ಮೇಡಂ."

"ಅಂದ್ರೆ ಹಗಲಲ್ಲಿ ನೀರು ಹತ್ತಿಸಿದ್ರೆ..."

"ನಿಮ್ಮ ಟ್ಯಾಂಕೇ ನಮಗೆ ಬ್ಯಾಟರಿ!"

ಅವಳು ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅಂಗಿಯ ಜೇಬಿನಲ್ಲಿ ಮೂರು ಪೆನ್ನು. ಮೂರಕ್ಕೂ ಮುಚ್ಚಳವಿಲ್ಲ. ಜೇಬಿನ ತುಂಬ ಶಾಯಿಯ ಕಲೆ. ಕಣ್ಣಲ್ಲಿ ಮಾತ್ರ ಹೊಸ ಆಟಿಕೆ ಸಿಕ್ಕ ಮಗುವಿನ ಹೊಳಪು.

*ಈ ಮನುಷ್ಯ ಯಾಕೆ ಹೀಗಿದ್ದಾನೆ?* ಎಂದುಕೊಂಡಳು. ಪ್ರಶ್ನೆ ಕೇಳುವುದು ಅಂಟುರೋಗವಿರಬೇಕು.

ಎರಡೂ ಕಚೇರಿಗಳು ಒಂದೇ ಕಟ್ಟಡದಲ್ಲಿದ್ದವು. ನೀರಿನದು ಕೆಳಗೆ, ಕರೆಂಟಿನದು ಮೇಲೆ. ಮಧ್ಯೆ ಇಪ್ಪತ್ತೆರಡು ಮೆಟ್ಟಿಲು. ಇಷ್ಟು ವರ್ಷ ಯಾರೂ ಅವನ್ನು ಹತ್ತಿ ಮಾತಾಡಿರಲಿಲ್ಲ. ಅವಳು ಹತ್ತಿದಳು. ಯೋಜನೆ ಬರೆದಳು, ಹೆಸರು ಹಾಕಿ ಸಹಿ ಮಾಡಿದಳು. ಎರಡೂ ಕಚೇರಿಗಳಿಗೆ ಮೇಲಿನವರಾದ ದೊಡ್ಡ ಸಾಹೇಬರು ಹುಬ್ಬು ಗಂಟಿಕ್ಕಿದರು.

"ಹದಿನಾಲ್ಕು ದಿನ ಕೊಡ್ತೀನಿ. ಬಿಸಿಲಿದ್ದ ದಿನ ಹಗಲಲ್ಲಿ ಮಾತ್ರ ಪಂಪ್. ಮೋಡ ಇದ್ದ ದಿನ ಬೇಕಾದ್ರೆ ರಾತ್ರಿ ಓಡಿಸಿ. ಆದ್ರೆ ಗುಡ್ಡದ ಮೇಲಿನ ಬೀದಿಗೆ ಒಂದೇ ಒಂದು ಬೆಳಿಗ್ಗೆ ನೀರು ತಪ್ಪಿದ್ರೂ ಈ ಫೈಲು ಬೀರು ಸೇರುತ್ತೆ. ಮತ್ತೆ ತೆಗೆಯೋರು ಯಾರೂ ಇರಲ್ಲ!"

ಅವಳಿಗೆ ಗೊತ್ತಿತ್ತು. ಆ ಬೀರುವಿನಿಂದ ಇದುವರೆಗೆ ಯಾವ ಫೈಲೂ ಹೊರಬಂದಿರಲಿಲ್ಲ.

ಹದಿನಾಲ್ಕು ದಿನ... ಎಂಥ ದಿನಗಳು!

ಬೆಳಿಗ್ಗೆ ಆರಕ್ಕೆ ಅವಳು ಗುಡ್ಡ ಹತ್ತಿ ಟ್ಯಾಂಕಿನ ಅಳತೆಪಟ್ಟಿ ನೋಡಿ ಅವನಿಗೆ ಮೆಸೇಜ್ ಹಾಕುವಳು. 'ಎರಡು ಮೀಟರ್ ನಲವತ್ತು.' ಒಂಬತ್ತಕ್ಕೆ ಅವನ ಫೋನ್ ಬರುವುದು. "ಬಿಸಿಲು ಬಂತು, ಶುರು ಮಾಡಿ!" ಸಂಜೆ ಐದಕ್ಕೆ ಪಂಪ್ ನಿಲ್ಲುವುದು. ಮೋಡ ಕವಿದ ದಿನ "ಇವತ್ತು ಬೇಡ, ರಾತ್ರಿಗೇ ಇರಲಿ" ಎನ್ನುವಾಗ ಅವನ ದನಿ ಸಪ್ಪಗಾಗುತ್ತಿತ್ತು.

ಅವಳ ಮೆಸೇಜಿಗೆ ಅವನ ಉತ್ತರ ಯಾವಾಗಲೂ ಒಂದು ಪ್ರಶ್ನೆ.

'ಟ್ಯಾಂಕಿನ ಒಳಗೆ ಕೂಗಿದ್ರೆ ಮಾತು ವಾಪಸ್ ಬರುತ್ತಾ?'

*ಹುಚ್ಚು!* ಎಂದುಕೊಂಡಳು. ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಟ್ಯಾಂಕಿನ ಮುಚ್ಚಳ ಸರಿಸಿ, ಬಗ್ಗಿ "ಓಯ್!" ಎಂದಳು.

'ಮೂರು ಸಲ ಬರುತ್ತೆ,' ಎಂದು ಬರೆದಳು.

'ಏನಂತ ಕೂಗಿದ್ರಿ?'

ಅದಕ್ಕೆ ಉತ್ತರ ಕೊಡಲಿಲ್ಲ. ಗುಡ್ಡ ಇಳಿಯುವಷ್ಟು ದೂರವೂ ಒಬ್ಬಳೇ ನಗುತ್ತಿದ್ದಳು. ಐದೂವರೆಗೆ ಎದ್ದು ಕನ್ನಡಿಯ ಮುಂದೆ ನಿಲ್ಲುವ ಮಗಳನ್ನು ನೋಡಿ ಅಪ್ಪ ಕೆಮ್ಮಿದರು.

"ಟ್ಯಾಂಕಿಗೂ ಕಣ್ಣಿದೆ ಅಂತ ನನಗೆ ಗೊತ್ತೇ ಇರಲಿಲ್ಲ ಬಿಡು!"

"ಅಪ್ಪಾ!"

ಮೇಲಿನ ಬೀದಿಗೆ ಒಂದು ದಿನವೂ ನೀರು ತಪ್ಪಲಿಲ್ಲ. ಹದಿನಾಲ್ಕರಲ್ಲಿ ಹನ್ನೊಂದು ದಿನ ಬಿಸಿಲು, ಮೂರು ದಿನ ಮೋಡ. ಆರು ಲಾರಿ ಕಲ್ಲಿದ್ದಲು ಉಳಿಯಿತು! ಅವಳು ಖುಷಿಯಿಂದಲೇ ಮೀಟಿಂಗಿಗೆ ಹೋದಳು.

ಆದರೆ ದೊಡ್ಡ ಸಾಹೇಬರ ಮುಖ ಗಂಟಾಗಿತ್ತು. ಮೇಜಿನ ಮೇಲೆ, ಪಂಪ್ ಓಡಿದ ಹೊತ್ತನ್ನು ದಿನಾ ಬರೆದಿಡುವ ಅವಳ ಪಂಪ್‌ಹೌಸಿನ ಪುಸ್ತಕ. ಪಕ್ಕದಲ್ಲಿ ಕರೆಂಟ್ ಆಫೀಸಿನ ಕಂಪ್ಯೂಟರ್ ತೆಗೆದುಕೊಟ್ಟ ಮೀಟರಿನ ಪಟ್ಟಿ.

"ಏನಮ್ಮ ಇದು? ಆರು, ಹತ್ತು, ಹದಿಮೂರನೇ ತಾರೀಖು ಒಳ್ಳೇ ಬಿಸಿಲು. 'ರಾತ್ರಿ ಪಂಪ್ ಇಲ್ಲ' ಅಂತ ನಿಮ್ಮ ಪುಸ್ತಕದಲ್ಲೇ ಇದೆ. ಮೀಟರ್ ನೋಡಿದ್ರೆ ಆ ಮೂರೂ ದಿನ ಕತ್ತಲಲ್ಲಿ ಆರಾರು ಗಂಟೆ ಪಂಪ್ ಓಡಿದೆ! ನೀರು ಸಾಲಲಿಲ್ಲ, ಕದ್ದು ಓಡಿಸಿ ಮುಚ್ಚಿಟ್ರಿ. ಅಷ್ಟೇ ತಾನೆ?"

ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. "ಸರ್, ಇಲ್ಲ! ಒಂದು ನಿಮಿಷವೂ ಓಡಿಸಿಲ್ಲ!"

"ಮೀಟರ್ ಸುಳ್ಳು ಹೇಳುತ್ತಾ?" ಸಾಹೇಬರು ಅವಳ ಪಕ್ಕದಲ್ಲಿ ಕೂತಿದ್ದ ಅವನ ಕಡೆ ತಿರುಗಿದರು. "ನೀವು ಹೇಳ್ರೀ. ಈ ಪುಸ್ತಕಕ್ಕೆ ಸಹಿ ಹಾಕ್ತೀರಾ?"

ಅವಳು ಅವನನ್ನೇ ನೋಡಿದಳು. *ಹೇಳು... ಇವಳು ಅಂಥವಳಲ್ಲ ಅಂತ ಹೇಳು...*

ಅವನು ಪಟ್ಟಿ ನೋಡಿದ. ಪುಸ್ತಕ ನೋಡಿದ. ಮತ್ತೆ ಪಟ್ಟಿ ನೋಡಿದ.

"ಎರಡೂ ಹೊಂದ್ತಾ ಇಲ್ಲ ಸರ್. ಈಗ ಸಹಿ ಹಾಕಕ್ಕಾಗಲ್ಲ."

ಅಷ್ಟೇ. ಅಷ್ಟೇ ಮಾತು!

"ನಾಳೆ ಹನ್ನೊಂದಕ್ಕೆ ಬರವಣಿಗೆಯಲ್ಲಿ ಉತ್ತರ ಬೇಕು. ಇಲ್ಲದಿದ್ರೆ ಫೈಲು ಬೀರುಗೆ," ಎಂದರು ಸಾಹೇಬರು.

ಅವನು ಮೆಟ್ಟಿಲ ಬಳಿ ಓಡಿ ಬಂದ. "ಮೇಡಂ, ಒಂದು ನಿಮಿಷ..."

"ಸಹಿ ಬೇಡ ಸರ್," ಅವಳು ಮೆಟ್ಟಿಲಿಳಿಯುತ್ತಲೇ ಹೇಳಿದಳು. "ಒಂದು ಮಾತು ಸಾಕಾಗಿತ್ತು."

ಮನೆಯಲ್ಲಿ ಅವಳು ಊಟ ಮಾಡಲಿಲ್ಲ. ಯೋಜನೆ ಹಾಳಾಗಲಿ... ಮೂವತ್ತು ವರ್ಷ ಅಪ್ಪ ಒಂದು ಅಕ್ಷರ ತಿದ್ದದೆ ಬರೆದ ಪುಸ್ತಕದಲ್ಲಿ ಮಗಳು ಸುಳ್ಳು ಬರೆಸಿದಳು ಎಂದಾಯಿತಲ್ಲ! ಅದನ್ನು ಅವನೂ ನಂಬಿದನಲ್ಲ!

ಅಪ್ಪ ಎಲ್ಲ ಕೇಳಿಸಿಕೊಂಡರು.

"ನಿನ್ನನ್ನ ಸುಳ್ಳಿ ಅಂದನಾ?"

"ಹೊಂದ್ತಾ ಇಲ್ಲ ಅಂದ."

"ಹೊಂದ್ತಿಲ್ಲ ತಾನೆ? ಅವನು ಅಂದಿದ್ದು ಅಷ್ಟೇ. ಉಳಿದದ್ದೆಲ್ಲ ನೀನು ಸೇರಿಸ್ಕೊಂಡೆ." ಅಪ್ಪ ಅವಳ ತಲೆ ನೇವರಿಸಿದರು. "ಮೋಟಾರು ಕೆಟ್ಟಾಗ ಬೈದ್ರೆ ಸರಿಹೋಗಲ್ಲಮ್ಮ. ಬೆಳಿಗ್ಗೆ ಹೋಗಿ ಪುಸ್ತಕ ಬರೆಯೋದನ್ನ ಕಣ್ಣಾರೆ ನೋಡು. ಎಲ್ಲಿ ಕೆಟ್ಟಿದೆ ಗೊತ್ತಾಗುತ್ತೆ."

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿತ್ತು. ಪ್ರಯೋಗ ಮುಗಿದದ್ದರಿಂದ ಪಂಪುಗಳು ಹಳೆಯ ಪದ್ಧತಿಯಂತೆ ರಾತ್ರಿಯೆಲ್ಲ ಓಡಿ ಇನ್ನೂ ಗುಂಯ್‌ಗುಡುತ್ತಿದ್ದವು. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಅವನು!

ಪಂಪ್ ಡ್ರೈವರ್ ಪಕ್ಕದ ಸ್ಟೂಲಿನ ಮೇಲೆ, ತೊಡೆಯ ಮೇಲೆ ಆ ಪಟ್ಟಿ ಹರಡಿಕೊಂಡು ಕುಳಿತಿದ್ದ. ನಿನ್ನೆಯದೇ ಅಂಗಿ. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

ಅವಳು ಏನಾದರೂ ಹೇಳುವ ಮೊದಲೇ ಆರು ಹೊಡೆಯಿತು. ಡ್ರೈವರ್ ಪಂಪ್ ನಿಲ್ಲಿಸಿದ. ಪುಸ್ತಕ ತೆರೆದು ನಿನ್ನೆಯ ತಾರೀಖಿನ ಮುಂದೆ 'ರಾತ್ರಿ ಎಂಟು ಗಂಟೆ' ಎಂದು ಬರೆದ. ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದ. ಗೆರೆಯ ಕೆಳಗೆ ಇವತ್ತಿನ ತಾರೀಖು ಹಾಕಿದ.

"ಅಣ್ಣಾ, ಒಂದು ನಿಮಿಷ!" ಅವನು ಎದ್ದು ನಿಂತ. "ರಾತ್ರಿ ಹನ್ನೆರಡು ಗಂಟೆಗೇ ತಾರೀಖು ಬದಲಾಯ್ತಲ್ಲ. ಆಮೇಲೆ ಓಡಿದ್ದನ್ನೂ ನಿನ್ನೆಗೇ ಬರೆದ್ರಲ್ಲ?"

"ಸೂರ್ಯ ಹುಟ್ಟೋವರೆಗೂ ನಿನ್ನೆನೇ ಸಾರ್," ಡ್ರೈವರ್ ಆಕಳಿಸಿದ. "ಡ್ಯೂಟಿ ಬದಲಾಗೋದು ಆರಕ್ಕೆ. ನಮ್ಮ ತಾರೀಖೂ ಆರಕ್ಕೇ. ಇವರ ತಂದೆಯವರು ಹಾಕ್ಕೊಟ್ಟ ಪದ್ಧತಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಐದನೇ ತಾರೀಖು ಮೋಡ," ಅವಳು ಬೆರಳು ಮಡಚುತ್ತ ಹೇಳಿದಳು. "ಅವತ್ತು ರಾತ್ರಿ ಹತ್ತಕ್ಕೆ ಶುರು ಮಾಡಿದ್ವಿ..."

"ಎರಡು ಗಂಟೆ ಐದನೇ ತಾರೀಖಲ್ಲಿ ಓಡ್ತು. ಉಳಿದ ಆರು ಗಂಟೆ ನಮ್ಮ ಮೀಟರಿಗೆ ಆರನೇ ತಾರೀಖು! ನಿಮಗೆ ಅದು ಇನ್ನೂ ಐದು!" ಅವನು ಪಟ್ಟಿಯ ಮೇಲೆ ಬೆರಳು ಓಡಿಸಿದ. "ಒಂಬತ್ತು ಮೋಡ, ಹತ್ತಕ್ಕೆ ಆರು ಗಂಟೆ... ಹನ್ನೆರಡು ಮೋಡ, ಹದಿಮೂರಕ್ಕೆ ಆರು ಗಂಟೆ... ಹೊಂದ್ತು! ಮೇಡಂ, ಎಲ್ಲಾ ಹೊಂದ್ತು!"

ಅವಳು ಗೋಡೆಗೆ ಒರಗಿದಳು. ಅಳು ಬಂತು, ನಗುವೂ ಬಂತು. ಡ್ರೈವರ್ ಇಬ್ಬರ ಮುಖವನ್ನೂ ನೋಡಿ, ಟೀ ತರುತ್ತೇನೆಂದು ಫ್ಲಾಸ್ಕ್ ಹಿಡಿದು ಮೆಲ್ಲಗೆ ಜಾಗ ಖಾಲಿ ಮಾಡಿದ.

"ನೀವು ಯಾವಾಗ ಬಂದ್ರಿ?" ಕೇಳಿದಳು.

"ನಾಲ್ಕೂವರೆಗೆ. ಮನೇಲಿ ಕೂತ್ಕೊಳ್ಳೋಕೆ ಆಗಲಿಲ್ಲ. ನೀವು ಸುಳ್ಳು ಬರೆಸಲ್ಲ ಅಂತ ಗೊತ್ತಿತ್ತು. ಆದ್ರೂ ಯಾಕೆ ಹೊಂದ್ತಿಲ್ಲ ಅನ್ನೋದು ಗೊತ್ತಾಗಲಿಲ್ಲ."

"ಗೊತ್ತಿದ್ದಿದ್ರೆ ಅಲ್ಲೇ ಯಾಕೆ ಹೇಳಲಿಲ್ಲ?"

ಅವನು ತಲೆ ತಗ್ಗಿಸಿದ.

"ಅದೇ ನನ್ನ ತಪ್ಪು. ಕಂಬಕ್ಕೆ, ಗೋಡೆಗೆ, ಮೀಟರಿಗೆ, ಸಿಕ್ಕಿದವರಿಗೆಲ್ಲ ಪ್ರಶ್ನೆ ಕೇಳೋ ನಾನು... ಅಲ್ಲೇ ಪಕ್ಕದಲ್ಲಿ ಕೂತಿದ್ದ ನಿಮ್ಮನ್ನ ಒಂದು ಪ್ರಶ್ನೆ ಕೇಳಲಿಲ್ಲ. ಕಾಗದ ನೋಡಿಬಿಟ್ಟೆ. ತಪ್ಪಾಯ್ತು."

ಅವಳ ಕೋಪಕ್ಕೆ ಇನ್ನು ನಿಲ್ಲಲು ಜಾಗವೇ ಉಳಿಯಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಅವಳ ಉತ್ತರ ದೊಡ್ಡ ಸಾಹೇಬರ ಮೇಜಿನ ಮೇಲಿತ್ತು. ಅದರ ಕೊನೆಯಲ್ಲಿ ಎರಡು ಸಹಿ. ಸಾಹೇಬರು ಎರಡು ಸಲ ಓದಿದರು.

"ಅಂದ್ರೆ ಇಷ್ಟು ವರ್ಷ ಒಂದೇ ಕಟ್ಟಡದಲ್ಲಿ ಎರಡು ಕ್ಯಾಲೆಂಡರು ಇಟ್ಕೊಂಡಿದ್ವಾ?" ಎಂದು ಗೊಣಗಿದರು. ಆಮೇಲೆ ಪೆನ್ನು ತೆಗೆದರು. "ನಿಮ್ಮ ಪುಸ್ತಕ ಸರಿಯಾಗಿದೆಯಮ್ಮ. ನಿನ್ನೆ ದುಡುಕಿದೆ. ನಾಳೆಯಿಂದ ಹಗಲಲ್ಲೇ ನೀರು. ಎರಡೂ ಆಫೀಸು ಕೂತು ಒಂದೇ ಯೋಜನೆ ಮಾಡಿ, ಒಂದೇ ಪುಸ್ತಕ ಇಡಿ. ಅದ್ಸರಿ... ಆ ಪುಸ್ತಕದಲ್ಲಿ ದಿನ ಯಾವಾಗ ಶುರು?"

"ಹನ್ನೆರಡಕ್ಕೆ," ಎಂದಳು ಅವಳು.

"ಆರಕ್ಕೆ," ಎಂದ ಅವನು.

ಎರಡೂ ಒಟ್ಟಿಗೇ ಬಂದವು. ಅವಳು ಅವನ ಗಂಟೆ ಹೇಳಿದ್ದಳು, ಅವನು ಅವಳದ್ದು!

ಸಾಹೇಬರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಹೊರಗೆ ಹೋಗಿ ತೀರ್ಮಾನ ಮಾಡ್ಕೊಂಡು ಬನ್ನಿ."

ಹೊರಗೆ ಮೆಟ್ಟಿಲ ಬಳಿ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು.

"ಆರಕ್ಕೇ ಇರಲಿ," ಅವನು ಹೇಳಿದ.

"ಯಾಕೆ? ಊರಿಗೆಲ್ಲ ಹನ್ನೆರಡಕ್ಕಲ್ವಾ?"

"ಊರಿಗೆ ಇರಬಹುದು. ನನಗೆ ಮಾತ್ರ... ಬೆಳಿಗ್ಗೆ ಆರಕ್ಕೆ ನಿಮ್ಮ ಮೆಸೇಜ್ ಬಂದ ಮೇಲೇನೇ ದಿನ ಶುರುವಾಗೋದು. ಅಲ್ಲಿವರೆಗೂ ನಿನ್ನೆನೇ."

ಅವಳ ಕೆನ್ನೆ ಬಿಸಿಯಾಯಿತು. ಜೇಬಿನ ಶಾಯಿಯ ಕಲೆಯನ್ನೇ ನೋಡುತ್ತ ಹೇಳಿದಳು.

"ಸಾಹೇಬ್ರು ಅಷ್ಟು ಬೈದ್ರು, ತಡ್ಕೊಂಡೆ. ನೀವು ಒಂದು ಮಾತು ಅಂದಿದ್ದು ತಡ್ಕೊಳ್ಳೋಕೆ ಆಗಲಿಲ್ಲ. ಯಾಕೆ ಅಂತ ರಾತ್ರಿಯೆಲ್ಲ ಯೋಚಿಸ್ದೆ."

"ಯಾಕೆ?"

"ಇದನ್ನೂ ನಾನೇ ಹೇಳ್ಬೇಕಾ!"

ಅವನು ಉಸಿರು ಬಿಗಿಹಿಡಿದ. "ನನಗೆ ನೀವಂದ್ರೆ ತುಂಬಾ ಇಷ್ಟ. ನಿಮಗೂ... ಅದಕ್ಕೇನಾ?"

"ಹೂಂ," ಎಂದಳು. ಆ ಚಿಕ್ಕ ಶಬ್ದಕ್ಕೆ ಅವನ ಮುಖವೆಲ್ಲ ಬೆಳಗಿತು.

"ಅವತ್ತು ಟ್ಯಾಂಕಲ್ಲಿ ಏನಂತ ಕೂಗಿದ್ರಿ? ಈಗಲಾದ್ರೂ ಹೇಳಿ."

"ಅವತ್ತು ಬರೀ 'ಓಯ್' ಅಂದೆ. ನಾಳೆ ಬೇರೆ ಏನಾದ್ರೂ ಕೂಗ್ತೀನಿ. ಮೆಸೇಜ್ ಹಾಕಲ್ಲ, ಬಂದು ಕೇಳಿಸ್ಕೊಳ್ಳಿ."

"ಬರ್ತೀನಿ."

"ಮೋಡ ಇದ್ರೆ?"

"ಮೋಡ ಇದ್ರೂ."

ಒಳಗಿಂದ ದೊಡ್ಡ ಸಾಹೇಬರ ಕೂಗು ಕೇಳಿಸಿತು. "ಏನ್ರಪ್ಪಾ, ಆಯ್ತಾ ತೀರ್ಮಾನ?"

"ಆಯ್ತು ಸರ್!" ಇಬ್ಬರೂ ಒಟ್ಟಿಗೇ ಹೇಳಿದರು. "ಆರಕ್ಕೆ!"