ಚಾಕಿ ರೂಮಿನ ಉತ್ತರದ ಗೋಡೆ

ಟಪ್.

ರಾತ್ರಿ ಒಂದೂವರೆ. ಕಣ್ಣು ಬಿಟ್ಟೆ, ಆದರೆ ಅಲುಗಾಡಲಿಲ್ಲ. ನನಗೆ ಎಚ್ಚರವಾದದ್ದು ತಿಳಿದರೆ ಸದ್ದು ನಿಂತುಬಿಡುತ್ತದೆ ಅನ್ನುವ ಹುಚ್ಚು ನಂಬಿಕೆ ನನಗೆ ಚಿಕ್ಕಂದಿನಿಂದ ಇದೆ.

ಮೂವತ್ತೆಂಟರವರೆಗೆ ಎಣಿಸಿದೆ. ಟಪ್.

ನಲ್ಲಿಯದಲ್ಲ. ನಲ್ಲಿಯನ್ನು ನಾನೇ ತಿರುಗಿಸಿ, ಮತ್ತೊಮ್ಮೆ ಮುಟ್ಟಿ ನೋಡಿ ಮಲಗಿದ್ದೆ. ಎದ್ದು ಚಾಕಿ ರೂಮಿಗೆ ಹೋಗಿ ಉತ್ತರದ ಗೋಡೆಗೆ ಕಿವಿ ಇಟ್ಟೆ. ಸದ್ದು ಗೋಡೆಯ ಒಳಗಿತ್ತು.

ಪೂರಿಗಾಲಿಯ ನಮ್ಮ ಮನೆಗೆ ಅಂಟಿಕೊಂಡಿರುವ ಈ ರೂಮಿನಲ್ಲಿ ನಾನು ರೇಷ್ಮೆಯ ಮರಿಹುಳು ಸಾಕುತ್ತೇನೆ. ಮೊಟ್ಟೆಯೊಡೆದು, ಎರಡನೇ ಜ್ವರಕ್ಕೆ ಮಲಗಿ ಪೊರೆ ಕಳಚಿ ಏಳುವವರೆಗೆ ಅವು ನನ್ನವು. ಆಮೇಲೆ ರೈತರು ಒಯ್ಯುತ್ತಾರೆ. ಅಷ್ಟು ದಿನ ರೂಮು ಬೆಚ್ಚಗಿರಬೇಕು, ಗಾಳಿಯಲ್ಲಿ ತೇವವಿರಬೇಕು, ಗೋಡೆ ಮಾತ್ರ ಒದ್ದೆಯಾಗಬಾರದು. ಹೋದ ಧನುರ್ಮಾಸದ ಚಳಿಗೆ ಗೋಡೆ ಬೆವರಿ, ಬೂಷ್ಟು ಹಿಡಿದು, ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಸೀಮೆಸುಣ್ಣದ ಚೂರುಗಳ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಸತ್ತವು. "ಎಮ್ಮೆಸ್ಸಿ ಮಾಡಿರೋ ಉಳ ಕಣ್ರಲಾ, ಓದೀ ಓದೀ ಸತ್ತೋದೊ" ಎಂದು ಬಂಡೂರಿನ ರೈತ ಪುಟ್ಟಮಾದಯ್ಯ ನನ್ನ ಎಮ್ಮೆಸ್ಸಿಯನ್ನು ಆಡಿಕೊಂಡು ಟೀ ಅಂಗಡಿಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಈ ಸಲವೂ ಹಾಗಾದರೆ ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲ.

ಅದಕ್ಕೇ ಮದ್ದೂರಿನಿಂದ, ಕೋಲ್ಡ್ ರೂಮು ಕಟ್ಟುವ ಯತೀಶನನ್ನು ಕರೆಸಿದ್ದೆ. ಗೋಡೆಗೆ ಪ್ಲಾಸ್ಟಿಕ್, ಥರ್ಮೋಕೋಲ್, ಮೇಲೊಂದು ಸಿಮೆಂಟ್ ಬೋರ್ಡು. ಇನ್ನು ಗೋಡೆ ಬೆವರುವುದಿಲ್ಲ ಎಂದಿದ್ದ. ಆರು ದಿನದಲ್ಲಿ ಮೊಟ್ಟೆ ಒಡೆಯಬೇಕು. ಅದಕ್ಕೆ ಮೊದಲು ರೂಮು ಕಾಯಿಸಿ ನೋಡುವುದು ನನ್ನ ರೂಢಿ. ಕಾಯಿಸಿದ ಮೊದಲ ರಾತ್ರಿಯೇ ಟಪ್.

ಕತ್ತಲಲ್ಲಿ ನಿಂತು ಒಂದೊಂದೇ ನೆನಪು ಮಾಡಿಕೊಂಡೆ. ನಾಲ್ಕು ದಿನದ ಕೆಲಸವನ್ನು ಅವನು ಒಂಬತ್ತು ದಿನ ಎಳೆದಿದ್ದ. ನಾನು ಕಾಫಿ ಹಿಡಿದು ಬಂದಾಗಲೆಲ್ಲ ಥರ್ಮೋಕೋಲಿನ ಒಂದು ಮುಖವನ್ನು ಗಬಕ್ಕನೆ ಗೋಡೆಯ ಕಡೆ ತಿರುಗಿಸುತ್ತಿದ್ದ. ಒಮ್ಮೆ ಏನನ್ನೋ ಜೇಬಿಗೆ ಸೇರಿಸಿದ್ದನ್ನೂ ಕಂಡಿದ್ದೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡದ ಮನುಷ್ಯ. ಆದರೂ ಅವನು ತಲೆ ತಗ್ಗಿಸಿ ನಕ್ಕಾಗ ಖಾಲಿ ಲೋಟ ತೆಗೆದುಕೊಂಡ ಮೇಲೂ ನಾನು ಅಲ್ಲೇ ನಿಂತಿರುತ್ತಿದ್ದೆ. ನನ್ನನ್ನು ನಾನೇ ಅನುಮಾನಿಸಬೇಕಾಗಿದ್ದು ಅಲ್ಲೇ.

ಬೆಳಗ್ಗೆ ಫೋನ್ ಮಾಡಿ "ಗೋಡೆಯೊಳಗೆ ನೀರು ತೊಟ್ಟಿಕ್ಕುತ್ತಿದೆ" ಎಂದೆ. "ಬತ್ತಾ ಇದೀನಿ ಮೇಡಂ" ಎಂದ ಅವನು.

ಕೆಲಸ ಕೆಡಿಸಿದವರು ಇಷ್ಟು ಬೇಗ ಬರುವುದಿಲ್ಲ. ಅದೂ ಅನುಮಾನಕ್ಕೆ ಸೇರಿತು.

ಹೆಲ್ಮೆಟ್ ಕೈಯಲ್ಲಿ ಹಿಡಿದೇ ಅವನು ಒಳಗೆ ಬಂದು ಗೋಡೆಗೆ ಅಂಗೈ ಒತ್ತಿದ. ಒಂದು ಬೋರ್ಡಿನ ಸ್ಕ್ರೂ ಬಿಚ್ಚಿ, ಥರ್ಮೋಕೋಲಿನ ಹಿಂದೆ ಬೆರಳು ತೂರಿಸಿ ತೆಗೆದ. ಬೆರಳು ಒದ್ದೆ.

"ಪ್ಲಾಸ್ಟಿಕ್ ಹಾಕಲೇ ಇಲ್ವಾ?" ಎಂದೆ.

"ಹಾಕಿದೀನಿ. ತಪ್ಪು ಕಡೆ ಹಾಕಿದೀನಿ." ಅವನು ನನ್ನ ಕಡೆ ನೋಡಲಿಲ್ಲ. "ತಣ್ಣನೆ ಮಜ್ಜಿಗೆ ಲೋಟದ ಹೊರಗಡೆ ನೀರು ಕೂರುತ್ತಲ್ಲ, ಕೋಲ್ಡ್ ರೂಮೂ ಹಂಗೇ. ತೇವ ಹೊರಗಿಂದ ಒಳಗೆ ಬರುತ್ತೆ. ಅದಕ್ಕೆ ಪ್ಲಾಸ್ಟಿಕ್ಕು ಹೊರಮುಖಕ್ಕೆ, ಗೋಡೆಗೆ ಅಂಟಿಸಿ ಹಾಕ್ತೀವಿ. ನಿಮ್ಮ ರೂಮಲ್ಲಿ ಬಿಸಿ, ತೇವ ಎರಡೂ ಒಳಗೇ ಇರೋದು. ಅದು ಥರ್ಮೋಕೋಲ್ ಸಂದೀಲಿ ನುಗ್ಗಿ, ಆಚೆ ತಣ್ಣಗಿರೋ ಪ್ಲಾಸ್ಟಿಕ್ ಮುಟ್ಟಿದ ತಕ್ಷಣ ನೀರಾಗ್ತದೆ. ಪ್ಲಾಸ್ಟಿಕ್ಕು ಈಚೆ, ಬೋರ್ಡಿನ ಹಿಂದೇನೇ ಇರಬೇಕಿತ್ತು."

"ಇದು ನಿಮಗೆ ಗೊತ್ತಿರಲಿಲ್ವಾ?"

"ತಲೆಗೆ ಗೊತ್ತಿತ್ತು. ಕೈ ಹತ್ತು ವರ್ಷದಿಂದ ಕೋಲ್ಡ್ ರೂಮೇ ಕಟ್ಟಿದ್ದು. ಅದರ ಪಾಡಿಗೆ ಅದು ಮಾಡಿಬಿಡ್ತು."

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ನಾನು ನೋಡಿರಲಿಲ್ಲ. ಇದಕ್ಕಿಂತ ದೊಡ್ಡದೇನನ್ನೋ ಮುಚ್ಚಿಡಲು ಇದನ್ನು ಒಪ್ಪುತ್ತಿದ್ದಾನೆಯೇ?

"ಎಲ್ಲಾ ಬಿಚ್ಚಿ ಸರಿ ಮಾಡ್ತೀನಿ. ಎರಡು ದಿನ ಫ್ಯಾನ್ ಹಾಕಿ ಒಣಗಿಸೋಣ. ಮೊಟ್ಟೆ ಒಡೆಯೋಕೆ ಮುಂಚೆ ಮುಗೀತದೆ." ಬಾಗಿಲ ಕಡೆ ನೋಡಿ ಮೆಲ್ಲಗೆ ಸೇರಿಸಿದ. "ಒಂದೇ ಮಾತು ಮೇಡಂ. ಬಿಚ್ಚೋವಾಗ ನೀವು ಒಳಗೆ ಬರಬೇಡಿ."

"ಯಾಕೆ?"

"ದೂಳು."

ಅವನ ಕಿವಿ ಕೆಂಪಾಯಿತು. ದೂಳಿಗೆ ಯಾರ ಕಿವಿಯೂ ಕೆಂಪಾಗುವುದಿಲ್ಲ.

ಹೊರಗೆ ಜಗಲಿಯಲ್ಲಿ ಮರಿತಾಯತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪನ ಅಕ್ಕ, ನನ್ನನ್ನು ಸಾಕಿದವಳು.

"ಅದ್ಯಾಕಮ್ಮಿ, ಬೆಕ್ಕಿನಂಗೆ ಕಿಟಕೀತವು ನಿಂತಿದ್ದೀಯೆ?"

"ಅವನು ಏನೋ ಮುಚ್ಚಿಡ್ತಿದ್ದಾನೆ, ಅತ್ತೆ."

"ಮುಚ್ಚಿಟ್ರೆ ಇಟ್ಕೊಳ್ಳಿ ಬುಡು. ನೀನೇನ್ ಕಮ್ಮಿ ಮುಚ್ಚಿಟ್ಟಿದ್ದೀಯಾ? ಅವ್ನು ಕೆಲ್ಸ ಮುಗ್ಸಿ ಓದ್ಮೇಲೆ ಮೂರ್ ದಿನ ಕಾಪಿಗೆ ಎಲ್ಡು ಲೋಟ ಇಟ್ಟಿದ್ಯಲ್ಲ, ನಾ ನೋಡ್ನಿಲ್ವಾ?"

ಕಿಟಕಿಯ ಸಂದಿಯಲ್ಲಿ ನೋಡಿದೆ. ಅವನು ಬಿಚ್ಚಿದ ಥರ್ಮೋಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ಕಟ್ಟರಿನಿಂದ ಕೆರೆಯುತ್ತಿದ್ದ. ಬಿಳಿ ಕಾಳುಗಳು ಉದುರಿ ಅವನ ಕೂದಲು, ಮೀಸೆ, ರೆಪ್ಪೆಯ ಮೇಲೆಲ್ಲ ಕೂತಿದ್ದವು. ಕಳ್ಳ! ಎಲ್ಲೋ ಕಿತ್ತ ಹಳೇ ಮಾಲು ತಂದು ಹಾಕಿ, ಈಗ ಅದರ ಗುರುತು ಅಳಿಸುತ್ತಿದ್ದಾನೆ. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

"ಕೊಡಿ ಇಲ್ಲಿ."

"ಬೇಡ ಮೇಡಂ."

"ಕೊಡಿ ಅಂದೆ."

ಕೊಟ್ಟ. ಗೋಡೆಯ ಕಡೆ ಇದ್ದ ಮುಖದಲ್ಲಿ, ಅವನು ಆಗಷ್ಟೇ ಅಂಚಿನಿಂದ ಕೆರೆಯತೊಡಗಿದ್ದ ನೀಲಿ ಮಾರ್ಕರಿನ ಬರಹ. ಮೂಲೆಯಲ್ಲಿ ನಂಬರು, ಪಕ್ಕದಲ್ಲಿ ಅವನ ಗುಂಡನೆಯ ಅಕ್ಷರ.

"5. ನನ್ನ ಅಳತೆಯನ್ನು ಇವತ್ತು ಮೂರು ಸಲ ತಾವೂ ಅಳೆದರು. ನಂಬಲ್ಲ. ಪರವಾಗಿಲ್ಲ."

ಗೋಡೆಗೆ ಒರಗಿಸಿದ್ದ ಇನ್ನೊಂದನ್ನು ತಿರುಗಿಸಿದೆ. "3. ಕಾಫಿಗೆ ಸಕ್ಕರೆ ಇಲ್ಲ. ಹೇಳಲಿಲ್ಲ. ಕುಡಿದೆ."

ಮತ್ತೊಂದು. "8. ಟೇಪು ಮೀಸೆಗೆ ಅಂಟಿತು. ನಕ್ಕರು. ನಾಳೆಯೂ ಅಂಟಿಸಿಕೊಳ್ಳಬೇಕು."

ಕೊನೆಯದನ್ನು ಅವನು ಅರ್ಧ ಕೆರೆದಿದ್ದ. ಉಳಿದದ್ದು ಇಷ್ಟು: "12. ... ಈ ಮನೆಗೆ ಬರೋಕೆ ಇನ್ನು ನೆಪ ಇಲ್ಲ."

ಫ್ಯಾನು ತಿರುಗುತ್ತಿತ್ತು. ನೆಲದ ಮೇಲಿನ ಬಿಳಿ ಕಾಳುಗಳು ನನ್ನ ಪಾದದ ಸುತ್ತ ಓಡಾಡುತ್ತಿದ್ದವು. ಎದೆ ಹಿಗ್ಗಬೇಕಾದ ಹೊತ್ತು ಅದು. ಆದರೆ ನಾನು ನಾನೇ ತಾನೆ?

"ನೆಪ ಇಲ್ಲ ಅಂತ ಬರೆದಿದ್ದೀರಿ. ಅದಕ್ಕೇ ತಪ್ಪು ಕಡೆ ಹಾಕಿದ್ರಾ? ಮತ್ತೆ ಕರೀಲಿ ಅಂತ?"

ಅವನು ತಲೆ ಎತ್ತಿದ. ಮೊದಲ ಸಲ ನೇರವಾಗಿ ನೋಡಿದ. ರೆಪ್ಪೆಯ ಮೇಲೊಂದು ಬಿಳಿ ಕಾಳು ನಡುಗುತ್ತಿತ್ತು.

"ನಿಮ್ಮ ಹುಳ ಸಾಯೋ ಅಂಥ ನೆಪ ಹುಡುಕ್ತೀನಾ ನಾನು?"

ಅವನು ಮೂಲೆಯಿಂದ ಒಂದು ಥರ್ಮೋಕೋಲ್ ತಂದು ನನ್ನ ಮುಂದೆ ಹಿಡಿದ. "1. ಉತ್ತರ, ಎಡಗಡೆ." ಅಷ್ಟೇ. ಬೇರೇನೂ ಇರಲಿಲ್ಲ.

"ಪ್ಲಾಸ್ಟಿಕ್ ಹೊಡೆದಿದ್ದು ಮೊದಲನೇ ದಿನ. ಆಮೇಲೆ ಇದನ್ನ ಕೂರಿಸಿದೆ. ಆವತ್ತು ನಿಮ್ಮ ಹೆಸರೂ ನಂಗೆ ಗೊತ್ತಿರಲಿಲ್ಲ. ತಪ್ಪು ಮೊದಲು ಆಯ್ತು, ಮೇಡಂ. ಇದೆಲ್ಲ ಆಮೇಲೆ." ಒಂದನೇ ನಂಬರನ್ನು ನನ್ನ ಕೈಗಿಟ್ಟು, ಮಿಕ್ಕ ಬರಹಗಳ ಕಡೆ ನೋಡಿದ. "ಇದು ತಪ್ಪಲ್ಲ ಅಂದ್ಕೊಂಡಿದೀನಿ. ಇಷ್ಟ ಆದ್ರಿ, ಬರೆದೆ. ಯಾರೂ ಓದಲ್ಲ ಅನ್ನೋ ಧೈರ್ಯಕ್ಕೆ."

ನನಗೆ ಯಾವಾಗಲೂ ಪುರಾವೆ ಬೇಕು. ಪುರಾವೆ ನನ್ನ ಕೈಯಲ್ಲೇ ಇತ್ತು, ಗಾಳಿಗಿಂತ ಹಗುರವಾಗಿ.

ಅವನು ಮತ್ತೆ ಕಟ್ಟರ್ ಎತ್ತಿಕೊಂಡ.

"ಕೆರೀಬೇಡಿ," ಎಂದೆ. "ಒಣಗಲಿ."

ಮೂರನೇ ದಿನ ಇಬ್ಬರೂ ಸೇರಿ ಗೋಡೆ ಮುಚ್ಚಿದೆವು. ಕೊನೆಯ ಥರ್ಮೋಕೋಲ್ ಉಳಿದಾಗ ನಾನು ಕೈ ಚಾಚಿದೆ. "ಮಾರ್ಕರ್."

ಅವನು ಕೆರೆದ ಜಾಗದ ಕೆಳಗೆ ಬರೆದೆ: "ಸಕ್ಕರೆ ಬೇಕಂತಲೇ ಹಾಕಿರಲಿಲ್ಲ. ಚೆನ್ನಾಗಿದೆ ಅಂತ ಸುಳ್ಳು ಹೇಳ್ತೀರಾ ನೋಡೋಣ ಅಂತ. ನಾಳೆಯಿಂದ ಎರಡು ಚಮಚ. ನೆಪ ಬೇಡ, ಬನ್ನಿ."

ಅವನು ಅದನ್ನು ಎತ್ತಿಕೊಂಡು, ಓದಿ, ಏನೂ ಓದದವನ ಹಾಗೆ ಗೋಡೆಗೆ ಕೂರಿಸಿದ. ಆಮೇಲೆ ಪ್ಲಾಸ್ಟಿಕ್ಕನ್ನು ಈಚೆಯಿಂದ ಎಳೆದು, ಅಂಚಿನ ಮೇಲೆ ಅಂಚು ಕೂರಿಸಿದೆವು. ನಾನು ಹಿಡಿದೆ, ಅವನು ಟೇಪು ಒತ್ತುತ್ತ ಬಂದ. ನನ್ನ ಬೆರಳಿನ ಬಳಿ ಅವನ ಬೆರಳು ನಿಂತಿತು.

"ಎರಡು ಚಮಚ ಜಾಸ್ತಿ ಆಯ್ತು, ಮೇಡಂ."

"ಮೇಡಂ ಅಂದ್ರೆ ಒಂದೂ ಇಲ್ಲ."

"ಚಂದನಾ," ಎಂದ. ಟೇಪು ಸೊಟ್ಟಗಾಯಿತು.

"ಕಿತ್ತು ಇನ್ನೊಂದ್ಸಲ ಅಂಟಿಸಿ. ಸೂಜಿಮೊನೆಯಷ್ಟು ಸಂದಿ ಬಿಟ್ರೂ ನಾನು ಒಪ್ಪಲ್ಲ."

"ಗೊತ್ತು," ಎಂದು ನಕ್ಕ. ಈ ಸಲ ತಲೆ ತಗ್ಗಿಸಲಿಲ್ಲ.

ರೂಮು ಮತ್ತೆ ಕಾಯಿಸಿದೆ. ಎರಡು ರಾತ್ರಿ ಗೋಡೆಗೆ ಕಿವಿ ಕೊಟ್ಟು ಕೂತೆ. ಏನೂ ಇಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಮೊಟ್ಟೆಯೊಡೆದು, ಇರುವೆಯಂಥ ಕಪ್ಪು ಹುಳುಗಳು ಎಳೆ ಸೊಪ್ಪಿಗೆ ಹತ್ತಿದವು.

ಎರಡನೇ ಜ್ವರದಿಂದ ಎದ್ದ ಹುಳು ಒಯ್ಯಲು ಪುಟ್ಟಮಾದಯ್ಯ ಬಂದ. ತಟ್ಟೆಗಳ ಮೇಲೆ ಬಗ್ಗಿ ಬಗ್ಗಿ ನೋಡಿದ. ಒಂದರಲ್ಲೂ ಸುಣ್ಣಕಟ್ಟು ಇರಲಿಲ್ಲ. ಆಮೇಲೆ ಗೋಡೆ ನೋಡಿದ.

"ಗ್ವಾಡೆ ಬಿಚ್ಚಿದ್ರಂತೆ? ಆ ಮದ್ದೂರೋನು ಕೆಲ್ಸ ಕೆಡಿಸಿದ್ನಾ? ನಮ್ಮ ಉಳದ್ ಮನೆಗೂ ಅವ್ನನ್ನೇ ಕರ್ಸವಾ ಅಂತಿದ್ದೆ, ಅದ್ಕೆ ಕೇಳ್ದೆ ಕಣವ್ವ."

ಯತೀಶನ ಹೆಸರು ಕೆಡಲು ನನ್ನ ಒಂದು ಮಾತು ಸಾಕಿತ್ತು. ಸಂಜೆಯೊಳಗೆ ಅದು ಬಂಡೂರು ದಾಟಿ ಮಳವಳ್ಳಿಯವರೆಗೂ ಹೋಗುತ್ತಿತ್ತು.

"ನಾನೇ ಬಿಚ್ಚಿಸಿ ನೋಡಿದೆ, ಪುಟ್ಟಮಾದಯ್ಯನೋರೆ. ನನಗೆ ಅನುಮಾನ ಜಾಸ್ತಿ ಅಲ್ವಾ?"

"ಅದು ಊರಿಗೇ ಗೊತ್ತು ಬುಡವ್ವ," ಎಂದು ನಗುತ್ತ ಹೋದ.

ಮರಿತಾಯತ್ತೆ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಳು. "ನಿಜ ಯೋಳಮ್ಮಿ. ಆ ಗ್ವಾಡೆ ಒಳಗೆ ಏನಿತ್ತು?"

"ನೀರು, ಅತ್ತೆ."

"ನೀರು ಕಂಡವ್ರು ಇಂಗೆ ನಗಾಕಿಲ್ಲ."

ದಿನಾ ಬರೆಯುವ ಪುಸ್ತಕ ತೆಗೆದೆ. ಆ ರೂಮಿನಲ್ಲಿ ನಡೆದ ಒಂದನ್ನೂ ಈವರೆಗೆ ನಾನು ಅದರಲ್ಲಿ ಬರೆಯದೆ ಬಿಟ್ಟವಳಲ್ಲ. ಬಿಸಿ ಇಪ್ಪತ್ತೇಳು, ತೇವ ಎಂಬತ್ತೇಳು, ಗೋಡೆ ಒಣಗಿದೆ ಎಂದು ಬರೆದೆ. ಪೆನ್ನು ಇನ್ನೂ ಕೈಯಲ್ಲಿತ್ತು, ಪುಟದಲ್ಲಿ ಜಾಗವೂ ಇತ್ತು. ಹೊರಗೆ ಬೈಕು ನಿಂತ ಸದ್ದಾಯಿತು.

ಪುಸ್ತಕ ಮುಚ್ಚಿದೆ. ಗೋಡೆಯೊಳಗೆ ಬರೆದದ್ದನ್ನು ಪುಸ್ತಕಕ್ಕೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು, ಸಕ್ಕರೆ ಡಬ್ಬಿ ತೆಗೆಯಲು ಎದ್ದೆ.