ನೇರಳೆ ಅಂಟಿನ ಡ್ರೈವ್

“ಇದ್ಯಾಕೆ ನೇರಳೆ ಬಣ್ಣ?”

ಸರ್ಕಾರಿ ಭದ್ರತಾ ಪರೀಕ್ಷಾಲಯದಲ್ಲಿ ಅವಳು ಅವನನ್ನು ಕೇಳಿದ ಮೊದಲ ಪ್ರಶ್ನೆಯೇ ಅದು. ಅವನು ತಂದದ್ದು ತಾನೇ ತಯಾರಿಸಿದ ಅಂಗೈಯಗಲದ ಡ್ರೈವ್. ಒಳಗಿಟ್ಟ ಮಾಹಿತಿಯನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ ಬೀಗ ಹಾಕುವಂಥದ್ದು. ಇಲ್ಲಿಯ ಸರ್ಟಿಫಿಕೇಟ್ ಇಲ್ಲದೆ ಸರ್ಕಾರಿ ಕಚೇರಿಗಳು ಅದನ್ನು ಕೊಳ್ಳುವಂತಿಲ್ಲ. ಯಾರೂ ಕೆದಕಬಾರದೆಂದು ಒಳಗಿನ ಚಿಪ್ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಅಂಟು ಸುರಿದಿರುತ್ತಾರೆ. ಎಲ್ಲರದೂ ಕಪ್ಪು. ಅವಳು ಮುಚ್ಚಳ ತೆಗೆದು ನೋಡಿದರೆ, ಇವನದು ಮಾತ್ರ ನೇರಳೆ.

“ಕೆಲಸಕ್ಕೆ ಸಂಬಂಧ ಇಲ್ಲದ ಮಾತು ಬೇಡ ಅಂತ ಗೋಡೆ ಮೇಲೆ ಬರೆದಿದ್ದೀರಲ್ಲ ಮೇಡಂ,” ಎಂದು ಅವನು ತುಟಿಯಂಚಿನಲ್ಲೇ ನಕ್ಕ. “ಸರ್ಟಿಫಿಕೇಟ್ ಬಂದ ಮೇಲೆ ಹೇಳ್ತೀನಿ.”

ಅವಳಿಗೆ ಮೈಯೆಲ್ಲ ಉರಿಯಿತು. ಮುಚ್ಚಿದ್ದನ್ನು ಬಿಚ್ಚಿ ನೋಡದಿದ್ದರೆ ಅವಳಿಗೆ ಊಟ ಸೇರದು. ಆ ಹುಟ್ಟುಗುಣಕ್ಕೇ ಸಂಬಳವೂ ಸಿಗುತ್ತಿತ್ತು. ಅವಳ ಕೈಗೆ ಸಿಕ್ಕಿ ಉಳಿದ ಡ್ರೈವ್‌ಗಳು ಕಡಿಮೆಯೆಂದು ಸಹೋದ್ಯೋಗಿಗಳು ಅವಳಿಗೆ ಸುತ್ತಿಗೆ ಮೇಡಂ ಎಂದು ಹೆಸರಿಟ್ಟಿದ್ದರು.

ಪರೀಕ್ಷೆ ವಾರಗಟ್ಟಲೆ ನಡೆಯಿತು. ಅವಳ ಒಂದೊಂದು ಅನುಮಾನಕ್ಕೂ ಅವನು ಬಂದು ಉತ್ತರಿಸಬೇಕು. ತಪ್ಪು ಪಾಸ್‌ವರ್ಡ್ ಕೊಟ್ಟೂ ಕೊಟ್ಟೂ ಅವಳು ಕಾಡಿದಾಗ, ಡ್ರೈವ್ ತನ್ನೊಳಗಿನದನ್ನೆಲ್ಲ ತಾನೇ ಅಳಿಸಿಹಾಕಿತು. ಅವನು ಮಗಳ ಮಾರ್ಕ್ಸ್ ಕಾರ್ಡ್ ನೋಡಿದ ಅಪ್ಪನಂತೆ ಬೀಗಿದ.

“ನಿಮ್ಮ ಡ್ರೈವ್‌ಗೆ ಮೂಗಿನ ತುದಿಯಲ್ಲೇ ಕೋಪ.”

“ಗುರುತಿಲ್ಲದವರ ಮೇಲೆ ಮಾತ್ರ. ಸರಿಯಾಗಿ ಕೇಳಿದ್ರೆ ಎಲ್ಲಾ ಹೇಳುತ್ತೆ.”

“ಬಣ್ಣದ ವಿಷಯ?”

“ಅದು ಅದಕ್ಕೂ ಗೊತ್ತಿಲ್ಲ.”

ಅವನು ನಗುವಾಗ ಮೊದಲು ಎಡಗೆನ್ನೆ ನಗುತ್ತದೆ, ಆಮೇಲೆ ಬಲಗೆನ್ನೆ. ಯಾವ ಪರೀಕ್ಷೆಗೂ ಬೇಕಿಲ್ಲದ ಈ ಮಾಹಿತಿ ಅವಳ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿತು.

ಕೊನೆಗೆ ಅಂಟು ಕೆದಕುವ ಪರೀಕ್ಷೆ ಬಂತು. ಉಳಿ ಹಿಡಿದು ಒತ್ತಿದಳು. ಮೂಲೆಯಲ್ಲಿ ಚಟ್ ಎಂದಿತು. ಅಯ್ಯೋ, ಇದು ಒಡೆದರೆ ಅವನ ಮುಖ ಬಾಡುತ್ತದಲ್ಲ ಎಂದುಕೊಳ್ಳುವಷ್ಟರಲ್ಲಿ ಕೈ ತಾನಾಗಿ ಹಿಂದೆ ಸರಿದಿತ್ತು. ಒತ್ತಲು ಹೆದರುವವಳು ಎಂಥ ಪರೀಕ್ಷಕಿ! ನಾಚಿಕೆಯಾಯಿತು. ಅವನ ಮೇಲೆ ಪ್ರೀತಿಯಾಗಿದೆ ಎಂಬುದೂ ಖಾತ್ರಿಯಾಯಿತು.

ತಯಾರಕರ ಮೇಲೆ ಮನಸ್ಸಾದರೆ ಪರೀಕ್ಷಕರು ಹೇಳಿ ಹಿಂದೆ ಸರಿಯಬೇಕು. ಆಗ ಪರೀಕ್ಷೆ ಇನ್ನೊಬ್ಬರ ಕೈಯಲ್ಲಿ ಮತ್ತೆ ಮೊದಲಿನಿಂದ. ಅವನ ಪುಟ್ಟ ಕಂಪನಿ ತಿಂಗಳುಗಟ್ಟಲೆ ಕಾಯಬೇಕು. ಹೇಳಿದರೆ ಅವನಿಗೆ ಏಟು, ಹೇಳದಿದ್ದರೆ ಕೆಲಸಕ್ಕೆ ದ್ರೋಹ. ಅತ್ತ ದರಿ, ಇತ್ತ ಪುಲಿ.

ಉಳಿ ಕೆಳಗಿಟ್ಟು ಹಿರಿಯ ಅಧಿಕಾರಿಯ ಕೋಣೆಗೆ ನಡೆದಳು. ಅಲ್ಲಿ ಅವನು ಆಗಲೇ ಕೂತಿದ್ದ. ಕಿವಿ ಕೆಂಪಾಗಿತ್ತು. ಬಂದವಳು ಹಿಂದೆ ತಿರುಗಲಿಲ್ಲ.

“ಸರ್, ಈ ಡ್ರೈವ್ ನಾನು ಟೆಸ್ಟ್ ಮಾಡೋ ಹಾಗಿಲ್ಲ. ಇವರು ನನಗೆ ಇಷ್ಟ ಆಗಿದ್ದಾರೆ. ಮೂಲೆಯಲ್ಲಿ ಚಟ್ ಅಂತು, ಮುಂದಿನವರು ಅಲ್ಲಿ ಗಟ್ಟಿಯಾಗಿ ಒತ್ತಲಿ.”

ಅಧಿಕಾರಿ ಕನ್ನಡಕ ತೆಗೆದರು. “ಒಂದೇ ದೂರು, ಇಬ್ಬರು ದೂರುದಾರರು! ‘ಪರೀಕ್ಷಕರನ್ನ ಬದಲಾಯಿಸಿ ಸರ್, ಅವರ ಮೇಲೆ ಪ್ರೀತಿಯಾಗಿದೆ’ ಅಂತ ಇವರೂ ಈಗ ತಾನೇ ಹೇಳಿದ್ರು. ಹೋಗಿ, ಹೊರಗೆ ಮಾತಾಡ್ಕೊಳ್ಳಿ.”

ಹೊರಗೆ ಉದ್ದನೆಯ ಕಾರಿಡಾರ್. ಇಬ್ಬರೂ ಅಕ್ಕಪಕ್ಕ ನಡೆದರು.

“ಮತ್ತೆ ಮೊದಲಿನಿಂದ ಕಾಯಬೇಕಲ್ಲ,” ಎಂದಳು ಅವಳು.

“ಡ್ರೈವ್ ಗಟ್ಟಿ ಇದ್ರೆ ಯಾರ ಕೈಯಲ್ಲಾದ್ರೂ ಪಾಸಾಗುತ್ತೆ. ಗಟ್ಟಿ ಇಲ್ಲದವನು ನಾನೇ.”

“ಸರಿ. ಈಗ ನಾನು ಪರೀಕ್ಷಕಿ ಅಲ್ಲ. ಹೇಳಿ, ಯಾಕೆ ನೇರಳೆ?”

ಅವನು ತಲೆ ಕೆರೆದುಕೊಂಡ. “ಕಪ್ಪು ಮುಗಿದಿತ್ತು. ಅಂಗಡಿಯಲ್ಲಿ ಇದ್ದದ್ದು ಅದೊಂದೇ.”

“ಅಷ್ಟೇನಾ! ಇದಕ್ಕೆ ಇಷ್ಟು ದಿನ ಸತಾಯಿಸಿದ್ರಾ?”

“ಮೊದಲ ದಿನಾನೇ ಹೇಳಿದ್ರೆ ನೀವು ಮತ್ತೆ ಕೇಳ್ತಿದ್ರಾ?”

ಅವನ ಎಡಗೆನ್ನೆ ನಕ್ಕಿತು. ಬಲಗೆನ್ನೆ ನಗುವವರೆಗೆ ಅವಳು ಕಾಯಲಿಲ್ಲ. ಕೈ ಹಿಡಿದು ಕ್ಯಾಂಟೀನ್ ಕಡೆ ಎಳೆದುಕೊಂಡು ಹೊರಟಳು.