ಹದಿನೇಳನೇ ನಂಬರಿನ ಗುರುತು

“ಮನುಷ್ಯಾರ ಪ್ರೀತಿ ಹಿಂಗ ಕಾಗದದ ಮ್ಯಾಲೆ ಅಳೆಯಾಕ ಬರತೈತೇನ್ರಿ, ಮೇಡಂ?”

ಖಾನಾಪುರದ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಗು ಎದ್ದಿತು. ಕಾಂತಾಳ ಮುಖ ಕೆಂಪೇರಿತು. ಕೇಳಿದವನು ಗಣಿತದ ಮಾಸ್ತರ ಸಿದರಾಯ.

1988ರ ಮಾತು. ಬೆಳಗಾವಿಯ ಶಿವಬಸವ ನಗರದ ಕಾಂತಾ ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳು ಹಂಚಿದ ಹಾಳೆಯಲ್ಲಿ ಮೂರು ಮಾತುಗಳಿದ್ದವು. ಒಬ್ಬರಿಗೆ ಹತ್ತಿರವಾಗುವುದು ನನಗೆ ಸುಲಭ. ಹತ್ತಿರವಾದವರು ಬಿಟ್ಟುಹೋಗುತ್ತಾರೆಂಬ ಭಯ ನನಗಿದೆ. ಯಾರಾದರೂ ತೀರ ಹತ್ತಿರ ಬಂದರೆ ನನಗೆ ಕಸಿವಿಸಿ. ಒಪ್ಪುವ ಒಂದಕ್ಕೆ ಗುರುತು ಹಾಕಬೇಕು. ಹಾಳೆಯ ಮೇಲೆ ಹೆಸರಿಲ್ಲ, ಬರೀ ನಂಬರು; ಯಾವ ನಂಬರು ಯಾರದೆಂಬ ಪಟ್ಟಿ ಬೇರೆ ಇತ್ತು.

“ಅಳೆಯಾವ್ರು ನೀವ ಅದೀರಿ, ನಾ ಅಲ್ಲ. ಸುಳ್ಳು ಬರೀಬ್ಯಾಡ್ರಿ, ಅಷ್ಟ ಸಾಕು!” ಎಂದಳು ಕಾಂತಾ.

ಅವನ ನಗು ನಿಂತಿತು. ಆ ಹಾಳೆಯ ಮುಂದೆ ಬಹಳ ಹೊತ್ತು ಕುಳಿತ.

ಆಮೇಲೆ ಪ್ರತಿ ಶನಿವಾರ ಅವಳು ಖಾನಾಪುರದ ಬೇರೆ ಶಾಲೆಗಳಿಗೆ ಬಂದಾಗ ಅವನು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಚಹಾ, ಮಾತು… ಎರಡು ತಿಂಗಳು ಹೀಗೇ ಕಳೆಯಿತು.

“ಮುಂದಿನ ಶನಿವಾರ ಜಲ್ದಿ ಬರ್ರಿ. ಒಂದು ಮಾತು ಹೇಳೂದೈತಿ,” ಎಂದ ಒಮ್ಮೆ.

ಏನಿರಬಹುದು? ಆ ವಾರವೆಲ್ಲ ಅವಳಿಗೆ ಓದು ಹತ್ತಲಿಲ್ಲ. ತಡೆಯಲಾರದೆ, ನೋಡಬಾರದ ಪಟ್ಟಿ ತೆಗೆದು ಅವನ ನಂಬರು ಹುಡುಕಿದಳು. ಹದಿನೇಳು. ಆ ಹಾಳೆಯಲ್ಲಿ ಗುರುತು ಮೂರನೆಯ ಮಾತಿಗಿತ್ತು!

ಹತ್ತಿರ ಬಂದರೆ ಕಸಿವಿಸಿ… ಹಾಗಾದರೆ ಇನ್ನು ಬರಬೇಡ ಅಂತ ಹೇಳೋದಕ್ಕೇ ಕರೆದನೇ?

ಆ ಶನಿವಾರ ಅವಳು ಹೋಗಲಿಲ್ಲ. ಮರು ಶನಿವಾರವೂ ಇಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಕಿಟಕಿಗೆ ಓಡುವಳು.

“ಯಾಕವ್ವಾ, ನಿಂತಲ್ಲಿ ನಿಲ್ಲವಲ್ಲಿ?” ಎಂದಳು ತಾಯಿ ಭರಮವ್ವ.

ಮೂರನೇ ವಾರ ಅವಳ ಕಾಲೇಜಿನ ಮೆಟ್ಟಿಲ ಮೇಲೆ ಸಿದರಾಯ ನಿಂತಿದ್ದ. ಕಣ್ಣು ಸೋತಿದ್ದವು.

“ನಾ ಏನ್ ತಪ್ಪು ಮಾಡೀನ್ರಿ?”

“ತಪ್ಪು ನಂದು… ನಿಮ್ಮ ಹಾಳಿ ನೋಡಿದೆ. ನೋಡಬಾರದಿತ್ತು.”

ಅವನು ಮೆಲ್ಲಗೆ ಹೇಳಿದ: “ಅವತ್ತು ಖರೇನ ಬರದಿದ್ದೆ. ಐದನೇ ವರ್ಷಕ್ಕ ಅವ್ವ ಹೋದಳು. ಬೋರ್ಡಿಂಗಿನಾಗ ಬೆಳದೆ. ಯಾರನ್ನೂ ಹಚ್ಚಿಕೊಳ್ಳಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಆದ್ರ ಅದು ನೀವು ಬಂದ ಮೊದಲನೇ ದಿನದ ಮಾತು! ಆಮ್ಯಾಲೆ ಎಂಟು ಶನಿವಾರ ಕಾದೀನಿ. ಕಾಗದ ನಂಬಿದ್ರಿ, ನನ್ನ ಒಂದು ಮಾತು ಕೇಳಲಿಲ್ಲ…”

ಕಾಂತಾಳ ಕಣ್ಣು ತುಂಬಿ ಬಂತು.

“ಈಗ ಕೇಳ್ತೀನಿ. ಏನ್ ಹೇಳೂದಿತ್ತು?”

“ನೀವು ಬರದಿದ್ರ ನಂಗ ಇರಾಕ ಆಗೂದಿಲ್ಲ. ನನ್ನ ಮದುವಿ ಆಗ್ತೀರೇನು?”

ಅವಳು ಅಳುತ್ತಲೇ ತಲೆಯಾಡಿಸಿದಳು.

“ಆದ್ರ ನಾ ಭಾಳ ಅಂಜುಬುರುಕಿ. ಬಿಟ್ಟು ಹೋಗ್ತೀರೇನು ಅಂತ ದಿನಾ ಕೇಳ್ತೀನಿ.”

“ಕೇಳ್ರಿ.”

“ಬ್ಯಾಸರ ಆಗೂದಿಲ್ಲೇನು?”

“ಆದ್ರ, ಬ್ಯಾಸರ ಆತು ಅಂತ ಹೇಳ್ತೀನಿ,” ಎಂದು ನಕ್ಕ ಅವನು. “ಹೋಗೂದಿಲ್ಲ, ಕಾಂತಾ.”